ಸಂಜೆಯ ಉಬ್ಬು

ನಾನು ಗಾಳಿಯ ಲೆಕ್ಕ ಮಾಡುವವನು. ಹೀಗೆ ಹೇಳಿದರೆ ವಾಗದರಿಯಲ್ಲಿರುವ ನನ್ನ ಅಣ್ಣ ಇವತ್ತಿಗೂ ನಗುತ್ತಾನೆ. "ಹೊಲದಾಗ ನಿಂತ್ರ ಗಾಳಿ ಪುಕ್ಕಟ ಸಿಗತೈತಿ, ಅದಕ್ಯಾಕ ಲೆಕ್ಕಾ?" ಎನ್ನುತ್ತಾನೆ. ನಗಲಿ ಬಿಡಿ, ಅವನ ತೊಗರಿಯ ಲೆಕ್ಕ ನನಗೆ ತಿಳಿಯುವುದಿಲ್ಲ, ನನ್ನದು ಅವನಿಗೆ ತಿಳಿಯುವುದಿಲ್ಲ. ಸೊಲ್ಲಾಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ದ್ರವಗಳ ಚಲನೆ, ಉಷ್ಣದ ಸಾಗಾಟ ಎಂಬ ಪಾಠ ಹೇಳುತ್ತ ನನ್ನ ಅರ್ಧ ಆಯುಷ್ಯ ಕಳೆದಿದೆ. ಒಂದು ಕೋಣೆಯಲ್ಲಿ ಗಾಳಿ ಹೇಗೆ ಓಡಾಡುತ್ತದೆ, ಗೋಡೆಯ ಕಾವು ಅದಕ್ಕೆ ಎಷ್ಟು ಹತ್ತುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ನನ್ನ ಕೆಲಸ.

ಕೆಲಸ ಕೇಳಲು ದೊಡ್ಡದು, ಒಳಗೆ ಸಾದಾ. ಕೋಣೆಯ ಗಾಳಿಯನ್ನೆಲ್ಲ ಸಣ್ಣ ಸಣ್ಣ ಗೂಡುಗಳಾಗಿ ಕೊಯ್ದು ಇಟ್ಟುಕೊಳ್ಳಬೇಕು. ಒಂದು ಗೂಡಿನ ಕಾವು, ಒತ್ತಡ, ಗಾಳಿಯ ಜೋರು ಪಕ್ಕದ ಗೂಡುಗಳನ್ನು ಅವಲಂಬಿಸಿರುತ್ತದೆ, ಪಕ್ಕದವು ತಮ್ಮ ಪಕ್ಕದವನ್ನು. ಕಂಪ್ಯೂಟರು ಮೊದಲೊಂದು ಅಂದಾಜು ಹಿಡಿದು ಎಲ್ಲ ಗೂಡುಗಳನ್ನೂ ಸುತ್ತಿ ಬರುತ್ತದೆ, ತಿದ್ದುತ್ತದೆ, ಮತ್ತೆ ಸುತ್ತುತ್ತದೆ. ಒಂದರ ಮಾತು ಇನ್ನೊಂದರ ಮಾತಿಗೆ ಹೊಂದುವವರೆಗೆ ಬಿಡುವುದಿಲ್ಲ. ಓಣಿಯ ಜಗಳ ಬಗೆಹರಿಸಲು ಹಿರಿಯರು ಮನೆಮನೆಗೆ ಓಡಾಡಿದ ಹಾಗೆ. ಒಳಗಿನದನ್ನೆಲ್ಲ ಅದೇ ಹುಡುಕಿಕೊಳ್ಳುತ್ತದೆ, ಆದರೆ ಅಂಚಿನಲ್ಲಿ ಏನಿದೆ ಎಂಬುದನ್ನು ನಾವು ಹೇಳಬೇಕು. ಗೋಡೆ ಎಲ್ಲಿ, ತೆರಪು ಎಲ್ಲಿ, ಹೊರಗಿನ ಗಾಳಿ ಯಾವ ಕಡೆಯದು. ನಾವು ಹೇಳಿದ್ದನ್ನು ಅದು ಮರುಮಾತಿಲ್ಲದೆ ನಂಬುತ್ತದೆ.

ಪಿಎಚ್‌ಡಿ ಮಾಡುವ ಹುಚ್ಚು ನನಗಿರಲಿಲ್ಲ. ಅದು ಇಲ್ಲದವರಿಗೆ ಇನ್ನು ಮುಂದೆ ಕಾಲೇಜಿನಲ್ಲಿ ಜಾಗ ಕಷ್ಟ ಎಂದು ಪ್ರಿನ್ಸಿಪಾಲರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ ಮೇಲೆ, ತಲೆಯಲ್ಲಿ ಬಿಳಿಕೂದಲು ಮೂಡಿದ ವಯಸ್ಸಿನಲ್ಲಿ ಹೆಸರು ನೋಂದಾಯಿಸಿದೆ. ವಿಷಯ ನಮ್ಮ ಊರಿನದೇ: ಬೇಸಿಗೆಯಲ್ಲಿ ಸ್ಲ್ಯಾಬಿನ ಮನೆಗಳೊಳಗೆ ಕಾವು, ಗಾಳಿ ಹೇಗೆ ಸಾಗುತ್ತವೆ ಎಂಬುದು. ಏಪ್ರಿಲ್ ಬಂತೆಂದರೆ ಸೊಲ್ಲಾಪುರದಲ್ಲಿ ಗೋಡೆಗೆ ಬೆನ್ನು ತಾಗಿಸಲು ಆಗುವುದಿಲ್ಲ. ವಿಷಯ ಹುಡುಕಲು ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಪ್ರಯೋಗಕ್ಕೆ ಒಂದು ಮನೆ ಬೇಕಿತ್ತು. ನಮ್ಮ ಮನೆಯನ್ನೇ ಹಿಡಿದೆ. ಪವರ್‌ಲೂಮಿನ ಖಟಖಟ ಕೇಳಿಸುವ ಓಣಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಸಣ್ಣ ಮನೆಗಳು, ಅದರಲ್ಲಿ ಒಂದು ನಮ್ಮದು. ಮೂರು ಕೋಣೆ ಒಂದೇ ಸಾಲಿನಲ್ಲಿವೆ: ಮುಂದೆ ಪಡಸಾಲೆ, ನಡುಮನೆ, ಹಿಂದೆ ಅಡುಗೆಮನೆ. ಮುಂಬಾಗಿಲು ಪೂರ್ವಕ್ಕೆ, ಹಿಂಬಾಗಿಲು ಪಶ್ಚಿಮಕ್ಕೆ. ಬೇಸಿಗೆಯ ಸಂಜೆ ಪಶ್ಚಿಮದ ಗಾಳಿ ಹಿಂಬಾಗಿಲಿನಿಂದ ಹೊಕ್ಕು ನೇರ ಮುಂಬಾಗಿಲಿನಿಂದ ಹೋಗುತ್ತದೆ. ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆಗಳನ್ನು ಗೋಡೆಗೆ ಅಲ್ಲಲ್ಲಿ ಅಂಟಿಸಿದೆ. ಅವು ಹಗಲೂ ರಾತ್ರಿ ಕಾವನ್ನು ಅಳೆದು ತಮ್ಮೊಳಗೇ ಇಟ್ಟುಕೊಳ್ಳುತ್ತವೆ.

ನನ್ನ ಹೆಂಡತಿ ಅವನ್ನು ನೋಡಿ, "ಇವು ನಾವು ಮಾತಾಡೂದೂ ಕೇಳತಾವೇನ್ರಿ?" ಎಂದಳು.

"ಇಲ್ಲ, ಬರೇ ಸೆಕಿ ಅಳಿತಾವ."

"ಹಂಗಾದ್ರ ಅಡ್ಡಿಯಿಲ್ಲ. ನಿಮ್ಮನ್ನ ಬೈಯಾಕ ಒಂದು ಜಾಗಾ ಬೇಕಲ್ಲ," ಎಂದು ಸೀರೆಯ ಸೆರಗಿನಿಂದ ಒಂದು ಪೆಟ್ಟಿಗೆಯ ಧೂಳು ಒರೆಸಿದಳು.

ಅವಳು ಅಕ್ಕಲಕೋಟದ ವ್ಯಾಪಾರಸ್ಥರ ಮನೆಯ ಮಗಳು. ನಾನು ವಾಗದರಿಯ ಒಕ್ಕಲು ಮನೆಯವನು. ಅವಳ ತವರಿನಲ್ಲಿ ಎಲ್ಲಕ್ಕೂ ಒಂದು ಹೊತ್ತು, ಒಂದು ರೀತಿ. ನಮ್ಮ ಮನೆಯಲ್ಲಿ ದನ, ಮನುಷ್ಯ, ಮೂಟೆ ಎಲ್ಲಕ್ಕೂ ಸೇರಿ ಇದ್ದದ್ದು ಒಂದೇ ದೊಡ್ಡ ಬಾಗಿಲು. ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ಬಾಯಿಗಳು ನಮ್ಮವೆರಡೇ. ಓಣಿಯಲ್ಲಿ ತೆಲುಗು, ಮರಾಠಿ. ಕಾಲೇಜಿನಲ್ಲಿ ಪಾಠಕ್ಕೆ ಇಂಗ್ಲಿಷ್, ಉಳಿದದ್ದಕ್ಕೆ ಮರಾಠಿ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಆದರೆ ಬಸ್ಸಿನ ಕನ್ನಡ ಬೋರ್ಡನ್ನೂ ಓದಲಾರರು.

ಲೆಕ್ಕ ಕೂಡಿಸಿದೆ, ಅಳತೆ ಕೂಡಿಸಿದೆ. ಒಂದರ ಮೇಲೊಂದು ಗ್ರಾಫ್ ಇಟ್ಟು ನೋಡಿದರೆ ಬೆಳಿಗ್ಗೆ ಹೊಂದುತ್ತಿತ್ತು, ಮಧ್ಯಾಹ್ನವೂ ಹೊಂದುತ್ತಿತ್ತು. ಸಂಜೆ ಕೆಡುತ್ತಿತ್ತು. ಹೊತ್ತು ಮುಳುಗಿದ ಮೇಲೆ ಮನೆ ಮೆಲ್ಲಗೆ ತಣ್ಣಗಾಗುತ್ತ ಹೋಗಬೇಕು, ಲೆಕ್ಕ ಹಾಗೆ ಹೇಳುತ್ತದೆ. ಅಳತೆಯಲ್ಲಿ ಮಾತ್ರ ನಡುಮನೆಯ ಕಾವು ಸರಿಯಾಗಿ ಮುಸ್ಸಂಜೆಗೆ ಮೇಲೆದ್ದು, ಒಂದು ತಾಸಿನಷ್ಟು ಹಾಗೇ ನಿಂತು, ಮತ್ತೆ ದಡಕ್ಕನೆ ಇಳಿಯುತ್ತಿತ್ತು. ಹಣೆಗೆ ಪೆಟ್ಟು ಬಿದ್ದಾಗ ಏಳುವಂಥ ಒಂದು ಉಬ್ಬು. ಹೆಚ್ಚುಕಡಿಮೆ ದಿನಾ ಅದೇ ಹೊತ್ತಿಗೆ.

ನನ್ನ ಗೈಡ್ ಅಚ್ಚ ಮರಾಠಿಯ ಹಿರಿಯರು. ಗ್ರಾಫನ್ನು ಕನ್ನಡಕದ ಹತ್ತಿರ ಹಿಡಿದು, "ಸಂಧ್ಯಾಕಾಳಿ ತುಮಚ್ಯಾ ಘರಾತ ನೇಮಕಂ ಕಾಯ ಹೋತಂ?" ಎಂದು ಕೇಳಿದರು. ಸಂಜೆ ನಿಮ್ಮ ಮನೆಯಲ್ಲಿ ನಿಜಕ್ಕೂ ಏನಾಗುತ್ತದೆ ಎಂದು. ಆ ಉಬ್ಬಿಗೆ ಕಾರಣ ಸಿಗುವವರೆಗೆ ಪ್ರಬಂಧ ಮುಂದೆ ಹೋಗುವುದಿಲ್ಲ, ಪರೀಕ್ಷಕರು ಮೊದಲು ಬೆರಳಿಡುವುದೇ ಅಲ್ಲಿ ಎಂದೂ ಹೇಳಿದರು. ಅಲ್ಲಿಂದ ನನ್ನ ಪಿಎಚ್‌ಡಿ, ನನ್ನ ನೌಕರಿ ಎರಡೂ ಆ ಒಂದು ತಾಸಿಗೆ ಸಿಕ್ಕಿಬಿದ್ದವು.

ಸಂಜೆ ಮನೆಯಲ್ಲಿ ಏನಾಗುತ್ತದೆಂದು ನನಗೆ ಹೇಗೆ ತಿಳಿಯಬೇಕು? ಕಾಲೇಜಿನ ಲ್ಯಾಬಿನಲ್ಲಿ ಹಗಲೆಲ್ಲ ಹುಡುಗರ ಪ್ರಾಕ್ಟಿಕಲ್ ನಡೆಯುತ್ತಿತ್ತು. ಅವರು ಹೋದ ಮೇಲೆ ಕಂಪ್ಯೂಟರುಗಳು ಖಾಲಿಯಾಗುತ್ತಿದ್ದವು. ನನ್ನ ಲೆಕ್ಕ ಓಡುತ್ತಿದ್ದದ್ದು ಆಗ. ಲ್ಯಾಬಿನ ಕೀಲಿಕೈ ನನ್ನ ಹತ್ತಿರವೇ ಇರುತ್ತಿತ್ತು, ರವಿವಾರವೂ ಹೋಗುತ್ತಿದ್ದೆ. ಊಟ ಮಾಡಿ ಹೊರಡುವಾಗ ಎರಡೂ ಬಾಗಿಲು ತೆರೆದಿದ್ದವು, ತಿರುಗಿ ಬಂದಾಗಲೂ ತೆರೆದಿದ್ದವು. ಕಂಪ್ಯೂಟರಿಗೆ ಹಾಗೆಯೇ ಹೇಳಿದ್ದೆ.

ಗೂಡುಗಳನ್ನು ಇನ್ನೂ ಸಣ್ಣಗೆ ಕೊಯ್ದೆ. ಸ್ಲ್ಯಾಬಿನ ಗುಣ ಬದಲಿಸಿದೆ. ಗಾಳಿ ಸುಳಿ ತಿರುಗುವ ಸೂತ್ರವನ್ನೇ ಬೇರೆ ಹಾಕಿದೆ. ಲೆಕ್ಕದಲ್ಲಿ ಉಬ್ಬು ಬರಲೊಲ್ಲದು. ಕೊನೆಗೆ ಒಲೆಯ ಮೇಲೆ ಅನುಮಾನ ಬಂದು ಅವಳನ್ನು ಕೇಳಿದೆ.

"ಸಂಜಿಮುಂದ ಅಡಗಿ ಮಾಡತಿಯೇನು?"

"ಆ ಹೊತ್ತಿನ್ಯಾಗ ಯಾರರೆ ಒಲಿ ಹಚ್ಚತಾರೇನ್ರಿ? ನೀವು ಬರೂ ಮುಂದ ರೊಟ್ಟಿ ಬಡೀತೀನಿ."

"ಮತ್ತ ಬಿಸಿ ಅನ್ನೂದು ಏನರೆ ಇರತೈತಿ? ಇಸ್ತ್ರಿ, ನೀರಿನ ಹೀಟರು?"

ಅವಳು ಯೋಚಿಸಿ, "ದೇವರ ಮುಂದ ದೀಪಾ ಹಚ್ಚತೀನಿ. ಅಷ್ಟ," ಎಂದಳು.

ನಾನು ಆ ದೀಪದ ಎಣ್ಣೆ ಅಳೆದೆ, ಅದು ಎಷ್ಟು ಹೊತ್ತು ಉರಿಯುತ್ತದೆಂದು ಕೇಳಿ, ನಡುಮನೆಯ ಮೂಲೆಯ ಒಂದು ಗೂಡಿನಲ್ಲಿ ಅಷ್ಟು ಕಾವು ಇಟ್ಟು ಲೆಕ್ಕ ಓಡಿಸಿದೆ. ಗ್ರಾಫ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಈ ಸುದ್ದಿ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನ ದೀಪಾನೂ ಕಂಪ್ಯೂಟರಿನ್ಯಾಗ ಹಾಕಿದ್ರ್ಯಾ? ದೇವರು ಒಳ್ಳೇದು ಮಾಡ್ಲಿ ನಿಮಗ," ಎಂದು ಶೇಂಗಾ ಚಟ್ನಿಯ ಮೇಲೆ ಇನ್ನೊಂದು ಚಮಚ ಎಣ್ಣೆ ಹಾಕಿದಳು. ಕಾವು ಕೊಡುವುದು ಏನಿದೆ ಎಂದು ನಾನು ಕೇಳಿದ್ದೆ. ಇದ್ದದ್ದನ್ನು ಅವಳು ಹೇಳಿದ್ದಳು.

ಮುಂದಿನ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಅವಳು ಹೋಗಿಬಿಟ್ಟಳು. ಒಂದು ವಾರವೂ ಹಿಡಿಯಲಿಲ್ಲ. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಎರಡು ಬೇಸಿಗೆ ನಾನು ಗೋಡೆಯ ಪೆಟ್ಟಿಗೆಗಳನ್ನು ಮುಟ್ಟಲಿಲ್ಲ. ಪಾಠ ಹೇಳಿ ಬರುತ್ತಿದ್ದೆ, ಮೆಸ್ಸಿನಿಂದ ಡಬ್ಬಿ ಬರುತ್ತಿತ್ತು, ಉಣ್ಣುತ್ತಿದ್ದೆ. ದಿನಗಟ್ಟಲೆ ಬಾಯಿಂದ ಒಂದು ಕನ್ನಡ ಮಾತು ಬರುತ್ತಿರಲಿಲ್ಲ. ಒಮ್ಮೆ ಹಾಲಿನವನ ಜೊತೆ ಮರಾಠಿಯಲ್ಲಿ ಮಾತಾಡುತ್ತ, ನಾನು ಕನಸನ್ನೂ ಮರಾಠಿಯಲ್ಲಿ ಕಾಣತೊಡಗಿದ್ದು ನೆನಪಾಗಿ ಬಹಳ ಬೇಸರವಾಯಿತು. ಕೊನೆಗೆ ಗೈಡ್ ಅವರೇ ಫೋನು ಮಾಡಿ, ಇನ್ನೊಂದೇ ಸಲ ಮುದತ್ತು ಸಿಗುತ್ತದೆ, ಆಮೇಲೆ ಹೆಸರು ತೆಗೆದುಹಾಕುತ್ತಾರೆ, ಈ ಬೇಸಿಗೆ ಹೊಸದಾಗಿ ಅಳತೆ ಮಾಡಿ ನೋಡಿ ಎಂದರು. ಹೊಸ ಸೆಲ್ ಹಾಕಿ ಪೆಟ್ಟಿಗೆಗಳನ್ನು ಚಾಲೂ ಮಾಡಿದೆ. ಲೆಕ್ಕಕ್ಕೆ ಹೊಂದಲೆಂದು ಎರಡೂ ಕಡೆ ಕಬ್ಬಿಣದ ಜಾಲರಿ ಗೇಟಿಗೆ ಬೀಗ ಹಾಕಿ, ಕಟ್ಟಿಗೆಯ ಬಾಗಿಲುಗಳನ್ನು ಹಾರು ಹೊಡೆದು ತೆರೆದಿಟ್ಟು ಕಾಲೇಜಿಗೆ ಹೋಗುತ್ತಿದ್ದೆ. ಕದ್ದೊಯ್ಯುವಂಥದ್ದು ಒಳಗೆ ಏನೂ ಇರಲಿಲ್ಲ.

ಮೇ ಮುಗಿದಾಗ ಅಳತೆ ತೆಗೆದು ಹಳೆಯ ಲೆಕ್ಕದ ಮೇಲೆ ಇಟ್ಟೆ. ಉಬ್ಬು ಇರಲಿಲ್ಲ. ಬೆಳಗು, ಮಧ್ಯಾಹ್ನ, ಸಂಜೆ, ಎಲ್ಲ ಗೆರೆಯ ಮೇಲೆ ಗೆರೆ. ನನ್ನ ಜನ್ಮದಲ್ಲಿ ನಾನು ಮಾಡಿದ ಯಾವ ಲೆಕ್ಕವೂ ಅಷ್ಟು ಸರಿಯಾಗಿ ಹೊಂದಿರಲಿಲ್ಲ.

ಗೈಡ್ ಪೇಡೆ ತರಿಸಿದರು. ಅವರ ಮಾತನ್ನು ಇನ್ನು ಮುಂದೆ ಕನ್ನಡದಲ್ಲೇ ಬರೆಯುತ್ತೇನೆ. "ಹಳೆಯ ಅಳತೆಯನ್ನು ಬಿಟ್ಟುಬಿಡಿ. ಪೆಟ್ಟಿಗೆ ಕೆಟ್ಟಿತ್ತು ಅಂತ ಬರೆಯಿರಿ. ಇದಿಷ್ಟನ್ನೇ ಕೊಟ್ಟರೆ ದೀಪಾವಳಿಯೊಳಗೆ ನೀವು ಡಾಕ್ಟರ್," ಎಂದರು. ನಾನು ಪೇಡೆ ಬಾಯಿಗೆ ಹಾಕಿಕೊಂಡೆ. ಗ್ರಾಫನ್ನು ಇನ್ನೊಮ್ಮೆ ಎಳೆದುಕೊಂಡು ನೋಡಿದೆ. ಅದೇ ಗೋಡೆ, ಅದೇ ಸ್ಲ್ಯಾಬು, ಅದೇ ಪಶ್ಚಿಮದ ಗಾಳಿ, ಅದೇ ಪೆಟ್ಟಿಗೆಗಳು. ಮನೆಯಲ್ಲಿ ಬದಲಾದದ್ದು ಒಂದೇ. ಅದು ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆದರೆ ಒಬ್ಬರಿಂದ ಅಷ್ಟು ದೊಡ್ಡ ಉಬ್ಬು ಏಳಲು ಸಾಧ್ಯವಿಲ್ಲ. ಸುಮ್ಮನೆ ಕುಳಿತವರ ಮೈ ಕೊಡುವ ಕಾವು ಒಂದು ಹಳೆಯ ಬಲ್ಬಿನಷ್ಟು. ಅದನ್ನೂ ಹಾಕಿ ನೋಡಿದೆ. ನಡುಮನೆಯಲ್ಲಿ ಅವಳ ಎತ್ತರದ ಒಂದು ಆಕಾರ ನಿಲ್ಲಿಸಿ ಕಾವು ಕೊಟ್ಟೆ. ಗ್ರಾಫ್ ತುಸು ಮಿಸುಕಿತು, ಅಷ್ಟೇ.

ಅಷ್ಟರಲ್ಲಿ ಕಾರಹುಣ್ಣಿಮೆ ಬಂತು. ಅಕ್ಕಲಕೋಟದಿಂದ ಅತ್ತೆಯವರ ಫೋನು. "ಅಳಿಯಾರ, ಮಗಳು ಇಲ್ಲಂದ್ರ ಮನಿ ಮರೀಬೇಕಂತ ಎಲ್ಲಿ ಬರದೈತ್ರಿ? ಹೋಳಗಿ ಉಣ್ಣಾಕ ಬರ್ರಿ," ಎಂದರು. ಹೋಗುವ ಮನಸ್ಸಿರಲಿಲ್ಲ, ಇಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಎಸ್‌ಟಿ ಬಸ್ಸು ಹತ್ತಿ ಹೋದೆ.

ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ಉಂಡು ಮಲಗಿ ಎದ್ದು ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದೆ. ಅತ್ತೆಯವರು ಎದುರಿಗೆ ತೊಗರಿಬೇಳೆ ಆರಿಸುತ್ತಿದ್ದರು. ಮಳೆ ಇನ್ನೂ ಹಿಡಿದಿರಲಿಲ್ಲ, ಸೆಕೆ ಇತ್ತು, ಆದರೆ ಹಿತ್ತಲ ಕಡೆಯಿಂದ ಒಳ್ಳೆಯ ಗಾಳಿ ಬರುತ್ತಿತ್ತು. ಬೆವರಿದ ಬೆನ್ನಿಗೆ ಹಿತವಾಗಿತ್ತು. ಹೊರಗೆ ಬೆಳಕು ಕಡಿಮೆಯಾಯಿತು. ಅತ್ತೆಯವರು ಮೊರದಿಂದ ತಲೆ ಎತ್ತದೆಯೇ ಸೊಸೆಯನ್ನು ಕೂಗಿದರು.

"ಯವ್ವಾ, ದೀಪಾ ಹಚ್ಚೂ ಹೊತ್ತಾತು. ಹಿತ್ತಲ ಬಾಗಲಾ ಹಾಕು."

ಬಾಗಿಲು ಹಾಕಿದ ಸದ್ದು ಕೇಳಿತು. ನನ್ನ ಬೆನ್ನಿನ ಮೇಲೆ ಗಾಳಿ ನಿಂತಿತು. ಸ್ವಲ್ಪ ಹೊತ್ತಿಗೆ ಮೇಲಿನ ಸ್ಲ್ಯಾಬು ಕಾವನ್ನು ಇಳಿಬಿಡತೊಡಗಿದ್ದು ನೆತ್ತಿಗೆ ಗೊತ್ತಾಯಿತು. ಕುತ್ತಿಗೆಯಲ್ಲಿ ಬೆವರು ಒಡೆಯಿತು. ಇಷ್ಟು ವರ್ಷ ಗ್ರಾಫಿನಲ್ಲಿ ನೋಡಿದ್ದರೊಳಗೆ ನಾನು ಕುಳಿತಿದ್ದೆ.

"ಬಾಗಲಾ ಯಾಕ ಹಾಕಿಸಿದ್ರಿ, ಅತ್ಯಾರ?" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಲಕ್ಷ್ಮಿ ಮನಿಗೆ ಬರೂ ಹೊತ್ತಲ್ರಿ ಇದು. ಹಿಂದಿನ ಬಾಗಲಾ ತೆಗದಿಟ್ರ, ಮುಂದಿಂದ ಬಂದಾಕಿ ಹಂಗ ಹಿಂದಿಂದ ಹೊಂಟ ಹೋಗತಾಳ."

"ಎಷ್ಟೊತ್ತು ಹಾಕಿರತೀರಿ?"

"ದೀಪಾ ಶಾಂತ ಆಗೂ ತನಕಾ. ತಾಸೊತ್ತು ಅನ್ರಿ."

"ನಿಮ್ಮ ಮಗಳೂ ಹಾಕತಿದ್ಲೇನ್ರಿ? ಸೊಲ್ಲಾಪುರದಾಗ?"

ಅತ್ತೆಯವರು ಆಗ ಮೊರ ಕೆಳಗಿಟ್ಟರು. "ಹಾಕದ ಬಿಡತಾಳೇನ್ರಿ? ಸಣ್ಣಾಕಿ ಇದ್ದಾಗಿಂದ ಇಲ್ಲಿ ಅಕಿದ ಕೆಲಸ ಅದು. ಒಂದ ಸಲ ಬ್ಯಾಸಗ್ಯಾಗ ನಾ ನಿಮ್ಮಲ್ಲಿಗೆ ಬಂದಾಗ ನೋಡೀನಿ. ಬಾಗಲಾ ಹಾಕಿದ್ಲು, ದೀಪಾ ಆರತೈತಿ ಅಂತ ಫ್ಯಾನೂ ಬಂದ ಮಾಡಿದ್ಲು. ಸೆಕಿ ಭಾಳ ಐತಿ, ಇರಲಿ ಬಿಡ ಅಂದ್ನಿ. ಕೇಳಲಿಲ್ಲ. ನಿಮ್ಮ ಪರೀಕ್ಷಾ ಮುಗೀಲಿ ಅಂತ ಬೇಡಕೊಂಡೀನಿ ಅಂದ್ಲು. ಸೆರಗಿಲೆ ಗಾಳಿ ಹಾಕ್ಕೊಂತ ಕುಂತಿದ್ಲು."

ಅತ್ತೆಯವರು ಅಳಲಿಲ್ಲ, ಮತ್ತೆ ಬೇಳೆ ಆರಿಸತೊಡಗಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಪಕ್ಕದಲ್ಲಿದ್ದ ಹಿರಿಯರು ಧೂಳು ಬರುತ್ತಿದೆಯೇನೋ ಎಂದು ಮರಾಠಿಯಲ್ಲಿ ಕೇಳಿ ಕಿಟಕಿಯ ಗಾಜು ಎಳೆದುಕೊಟ್ಟರು. ಹೌದು ಎಂದೆ.

ಮರುದಿನವೇ ಗೈಡ್ ಮನೆಗೆ ಹೋಗಿ, ಹಳೆಯ ಅಳತೆಯನ್ನು ಬಿಡುವುದಿಲ್ಲ ಎಂದು ಹೇಳಿದೆ. ಬಾಗಿಲಿನ ಸಂಗತಿಯನ್ನೂ ಹೇಳಿದೆ. ಅವರು ಕೇಳಿಸಿಕೊಂಡು, "ಹೊಂದಿದ್ದು ಕೈಯಲ್ಲಿದೆ. ಹಳೆಯದನ್ನು ಮತ್ತೆ ಲೆಕ್ಕ ಮಾಡಬೇಕೆಂದರೆ ಎಲ್ಲ ಬುಡದಿಂದ ಓಡಿಸಬೇಕು. ಮುದತ್ತು ಮುಗಿಯುತ್ತ ಬಂದಿದೆ. ಅದರಲ್ಲೂ ಹೊಂದದಿದ್ದರೆ ಇದ್ದದ್ದರ ಮೇಲೂ ಜನ ಅನುಮಾನ ಪಡುತ್ತಾರೆ. ಯಾಕೆ ಬೇಕು?" ಎಂದರು. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

"ಪೆಟ್ಟಿಗೆ ಕೆಟ್ಟಿತ್ತು ಅಂತ ಬರೆಯಲು ನನ್ನಿಂದ ಆಗುವುದಿಲ್ಲ ಸರ್," ಎಂದೆ. ಅವರು ಹೆಚ್ಚು ಒತ್ತಾಯ ಮಾಡಲಿಲ್ಲ. ಜವಾಬ್ದಾರಿ ನಿಮ್ಮದು ಎಂದು ಹೇಳಿ ಚಹಾ ಕುಡಿಸಿ ಕಳಿಸಿದರು.

ಮಳೆಗಾಲವೆಲ್ಲ ಆ ಕೆಲಸವಾಯಿತು. ಮುಸ್ಸಂಜೆಗೆ ಹಿಂಬಾಗಿಲು ಗೋಡೆಯಾಗುತ್ತದೆ, ಒಂದು ತಾಸಿನ ಮೇಲೆ ಮತ್ತೆ ಬಾಗಿಲಾಗುತ್ತದೆ ಎಂದು ಕಂಪ್ಯೂಟರಿಗೆ ಹೇಳಿದೆ. ಅದು ಎಂದಿನಂತೆ ನಂಬಿತು. ಗೂಡುಗಳನ್ನು ಸುತ್ತಿತು, ತಿದ್ದಿತು, ಮತ್ತೆ ಸುತ್ತಿತು. ಒಂದು ದಿನ ಊಟದ ಬಿಡುವಿನಲ್ಲಿ ಲ್ಯಾಬಿಗೆ ಹೋಗಿ ನೋಡಿದರೆ ಲೆಕ್ಕ ಮುಗಿದಿತ್ತು. ಗ್ರಾಫ್ ತೆರೆದೆ. ಮುಸ್ಸಂಜೆಗೆ ಗೆರೆ ಮೇಲೆದ್ದಿತು, ನಿಂತಿತು, ಇಳಿಯಿತು. ಹಳೆಯ ಅಳತೆ ಅದರ ಮೈಮೇಲೆಯೇ ಕುಳಿತಿತ್ತು. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಪರೀಕ್ಷೆ ಪಾಸಾದ ಖುಷಿ ಒಂದು ಕಡೆ ಇತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚು, ಆ ಗೆರೆ ಏಳುವ ಜಾಗದಲ್ಲಿ ಅವಳು ಎದ್ದು ಹೋಗಿ ಅಗುಳಿ ಹಾಕುತ್ತಿದ್ದಾಳೆ ಅನಿಸಿತು.

ಆಮೇಲೆ ಹಳೆಯ ಅಳತೆಯನ್ನು ದಿನದಿನವಾಗಿ ನೋಡಿದೆ. ಶುಕ್ರವಾರ ಉಬ್ಬು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಕೆಲವು ದಿನ ತಡವಾಗಿ ಏಳುತ್ತಿತ್ತು, ಬಜಾರಿಗೆ ಹೋಗಿ ಬರುವಾಗ ಹೊತ್ತಾಗಿರಬೇಕು. ನಡುವೆ ಕೆಲವು ದಿನ ಉಬ್ಬೇ ಇರಲಿಲ್ಲ. ಅಂಥವನ್ನು ನಾನು ಹಿಂದೆ ಕೆಟ್ಟ ಅಳತೆ ಎಂದು ಬದಿಗಿಟ್ಟಿದ್ದೆ. ಅವಳು ತವರಿಗೆ ಹೋದ ದಿನಗಳು ಅವು, ಆಗಲೂ ನಾನು ಗೇಟಿಗೆ ಬೀಗ ಹಾಕಿ ಬಾಗಿಲು ತೆರೆದಿಟ್ಟೇ ಹೋಗುತ್ತಿದ್ದೆ. ಯುಗಾದಿ ಆದ ಮೇಲೆ ಹೋಗಿದ್ದಳು, ನಾನೇ ಬಸ್ಸಿಗೆ ಬಿಟ್ಟು ಬಂದಿದ್ದೆ.

ಪ್ರಬಂಧ ಬರೆದು ಮುಗಿಸಿ ಗೈಡ್ ಮುಂದಿಟ್ಟೆ. ಅವರು ಪ್ರತಿ ಪುಟ ತಿರುವಿ, ಎರಡೂ ಬೇಸಿಗೆಯ ಗ್ರಾಫುಗಳನ್ನು ಅಕ್ಕಪಕ್ಕ ಹಿಡಿದು ನೋಡಿ, ಚೆನ್ನಾಗಿ ಬಂದಿದೆ ಎಂದರು. ಅವರ ಬಾಯಿಂದ ಆ ಮಾತು ಅಪರೂಪ. ಕೊನೆಗೆ ಎರಡು ಬೇಸಿಗೆಗಳ ಸ್ಥಿತಿಗತಿ ಕೊಟ್ಟ ಕೋಷ್ಟಕಕ್ಕೆ ಬಂದರು. ಹೊರಗಿನ ಗಾಳಿ, ಸ್ಲ್ಯಾಬಿನ ದಪ್ಪ, ಹಿಂಬಾಗಿಲು ಮುಚ್ಚಿದ್ದೋ ತೆರೆದಿದ್ದೋ, ಮುಸ್ಸಂಜೆ ಮನೆಯಲ್ಲಿದ್ದವರು ಎಷ್ಟು. ಅಲ್ಲಿ ಅವರ ಪೆನ್ನು ನಿಂತಿತು.

"ಹಳೆಯ ಬೇಸಿಗೆಗೆ ಒಂದು ಅಂತ ಬರೆದಿದ್ದೀರಿ. ಎರಡು ಆಗಬೇಕಲ್ಲ? ಆಗ ನೀವಿಬ್ಬರೂ ಇದ್ದಿರಿ."

"ಒಂದೇ ಸರ್. ಆ ಹೊತ್ತಿಗೆ ಮನೆಯಲ್ಲಿ ಅವಳೊಬ್ಬಳೇ ಇರುತ್ತಿದ್ದಳು."

"ದಿನಾಲೂ?"

"ದಿನಾಲೂ ಸರ್."

ಅವರ ಪೆನ್ನು ಪಕ್ಕದ ಸಾಲಿಗೆ ಸರಿಯಿತು. ಈ ಬೇಸಿಗೆಯ ಸಾಲಿನಲ್ಲಿ ನಾನು ಸೊನ್ನೆ ಹಾಕಿದ್ದೆ. ಅದನ್ನೂ ಕೇಳುತ್ತಾರೆಂದು ಕಾಯ್ದೆ. ಅವರು ಕೇಳಲಿಲ್ಲ. ಪುಟದ ಕೆಳಗೆ ಸಹಿ ಮಾಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವತ್ತು ಲ್ಯಾಬಿಗೆ ಹೋಗಬೇಡಿ. ಹೊತ್ತಿರುವಾಗಲೇ ಮನೆಗೆ ಹೋಗಿ," ಎಂದರು.

ಆಗಲಿ ಸರ್ ಎಂದು ಎದ್ದೆ. ಹೋಗಿ ಏನು ಮಾಡಲಿ ಎಂದು ಕೇಳಲಿಲ್ಲ.